ಗಾಡಿಯ ಕೊರಳಿಗೆ ಹಚ್ಚಿದ ಭಂಡಾರ

“ಕೈ ತೆಗೀರಿ ಅಕ್ಕಾ, ನಾ ಒಮ್ಮಿ ನೋಡಬೇಕು.”

ಪಿಎಸ್‌ಐ ಉಮಾಶ್ರೀ ಇದನ್ನು ಹೇಳಿದ್ದು ಎರಡನೆಯ ಸಲ. ಅನಸವ್ವ ಮಾತ್ರ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಬಿಡಲಿಲ್ಲ. ಬೆಳಗಿನಿಂದ ಜಮಖಂಡಿಯ ಠಾಣೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಕುರ್ಚಿ ಕೊಟ್ಟರೆ ಕೂತಿರಲಿಲ್ಲ, ಚಹಾ ಕೊಟ್ಟರೆ ಮುಟ್ಟಿರಲಿಲ್ಲ. ಠಾಣೆಗೆ ಬಂದ ಹೆಂಗಸರು ಸಾಮಾನ್ಯವಾಗಿ ಸೆರಗಿನ ತುದಿ ಹಿಡಿದು ಗೋಡೆಗೆ ಅಂಟಿಕೊಳ್ಳುತ್ತಾರೆ. ಈಕೆ ತನ್ನ ಹೊಲದ ಬದುವಿನ ಮೇಲೆ ನಿಂತವಳ ಹಾಗೆ ನಿಂತಿದ್ದಳು, ಪೊಲೀಸರೇ ತನ್ನ ಹೊಲಕ್ಕೆ ಬಂದವರು ಅನ್ನುವ ಹಾಗೆ.

ಪಕ್ಕದಲ್ಲಿ ಇನ್ನೊಂದು ಮೋಟಾರ್ ಸೈಕಲ್ ಇತ್ತು. ಅದೇ ಕಂಪನಿ, ಅದೇ ಕಪ್ಪು ಬಣ್ಣ, ಅದೇ ನಂಬರ್ ಪ್ಲೇಟು. ಚೆಸ್ಸಿಯ ಮೇಲೆ ಕೊರೆದ ಸಂಖ್ಯೆಯೂ ಅದೇ.

ಒಂದು ಆರ್‌ಸಿ ಕಾರ್ಡಿಗೆ ಎರಡು ಗಾಡಿ. ಒಂದು ಸಾಚಾ, ಇನ್ನೊಂದು ಕಳವಿನದು. ಯಾವುದು ಯಾವುದೆಂದು ಸಂಜೆಯೊಳಗೆ ಹೇಳಬೇಕೆಂದು ಮೇಲಿನ ಸಾಹೇಬರ ಕಟ್ಟಪ್ಪಣೆಯಾಗಿತ್ತು. ಅನಸವ್ವನದು ಖೋಟಾ ಎಂದಾದರೆ ಗಾಡಿ ಜಪ್ತಾಗುತ್ತದೆ. ಗಾಡಿ ಹೋದರೆ ಹೋಗಲಿ, ಕಳವಿನ ಮಾಲು ಇಟ್ಟುಕೊಂಡವಳೆಂದು ಅನಸವ್ವನ ಮೇಲೆ ಕೇಸು ಬೀಳುತ್ತದೆ. ಸಾವಳಗಿಯಲ್ಲಿ ತಲೆ ಎತ್ತಿ ನಡೆದ ಹೆಂಗಸು ನಾಳೆಯಿಂದ ಕಳ್ಳಿ.

ಇದೆಲ್ಲ ಶುರುವಾದದ್ದು ಆಕೆಯ ಒಂದು ಹಟದಿಂದ. ನಮ್ಮ ಕಡೆ ಹಳೆಯ ಗಾಡಿ ಕೊಂಡವರು ಹೆಸರು ಬದಲಾಯಿಸುವ ಗೋಜಿಗೆ ಹೋಗುವುದು ಕಡಿಮೆ. ರೊಕ್ಕ ಕೊಟ್ಟರು, ಕೀಲಿ ಇಸಕೊಂಡರು, ಹೊಡೆದುಕೊಂಡು ಹೋದರು. ಗಾಡಿ ತುಕ್ಕು ಹಿಡಿದು ಗುಜರಿಗೆ ಹೋಗುವ ದಿನವೂ ಕಾರ್ಡಿನ ಮೇಲೆ ಮೊದಲಿನವನ ಹೆಸರೇ ಇರುತ್ತದೆ. ಎಷ್ಟೋ ಸಲ ಆ ಪುಣ್ಯಾತ್ಮ ಗಾಡಿಗಿಂತ ಮೊದಲೇ ಹೋಗಿರುತ್ತಾನೆ.

ಅನಸವ್ವ ಹಾಗಲ್ಲ. ಕುರಿಹಿಂಡು ಕಟ್ಟಿದ್ದು ಆಕೆ, ಬೆಳೆಸಿದ್ದು ಆಕೆ. ಹಿಂಡು ಹೊಳೆಸಾಲಿಗೆ ಇಳಿದಾಗ ಕುರಿ ಕಾಯುವವರಿಗೆ ರೊಟ್ಟಿ ಬುತ್ತಿ ಒಯ್ಯಲು, ಆಗಷ್ಟೇ ಹುಟ್ಟಿದ ಮರಿಗಳನ್ನು ಚೀಲದಲ್ಲಿ ಕೂರಿಸಿಕೊಂಡು ಮನೆಗೆ ತರಲು ಗಾಡಿ ಬೇಕಿತ್ತು. ಮಂದಿಯ ಗಾಡಿಗೆ ಕೈಯೊಡ್ಡಿ ಬೇಸತ್ತು ತಾನೇ ಹೊಡೆಯಲು ಕಲಿತಳು, ಲೈಸನ್ಸ್ ಮಾಡಿಸಿದಳು. ಮುಧೋಳದ ಏಜೆಂಟ ಶಶಿಕಾಂತನ ಅಂಗಡಿಯಲ್ಲಿ ಈ ಗಾಡಿ ಕೊಂಡಳು. ಮಾರಿದವರು ರಬಕವಿಯ ಮಗ್ಗದ ಮಾಲೀಕ ಮಹಾಲಿಂಗಪ್ಪನವರು. ಹೆಸರು ಆಮೇಲೆ ಮಾಡಿಸಿದರಾಯಿತು, ಯಾರು ಕೇಳುತ್ತಾರೆ ಎಂದು ಶಶಿಕಾಂತ ಪರಿಪರಿಯಾಗಿ ಹೇಳಿದ. ಕುರಿ ನನ್ನವು, ದುಡಿಮೆ ನನ್ನದು, ಗಾಡಿ ಮಾತ್ರ ಮಂದಿಯ ಹೆಸರಿನಲ್ಲಿ ಯಾಕೆ ಎಂದು ಅನಸವ್ವ ನೆಟ್ಟಗೆ ಸಾರಿಗೆ ಕಚೇರಿಗೆ ಹೋಗಿ ಅರ್ಜಿ ಹಾಕಿಯೇಬಿಟ್ಟಳು.

ಅರ್ಜಿ ಬಿದ್ದ ಕೂಡಲೇ ಹಳೆಯ ಮಾಲೀಕನ ಮೊಬೈಲಿಗೆ ಸಂದೇಶ ಹೋಗುತ್ತದೆ. ಹೋಯಿತು. ಮರುದಿನವೇ ಮಹಾಲಿಂಗಪ್ಪನವರು ಇನ್ನೊಂದು ಗಾಡಿಯನ್ನು ತಾವೇ ಹೊಡೆದುಕೊಂಡು ಬಂದು ಕಚೇರಿಯ ಮುಂದೆ ನಿಲ್ಲಿಸಿದರು. ನಾನು ಗಾಡಿ ಮಾರೇ ಇಲ್ಲ, ನನ್ನ ಗಾಡಿ ಇಗೋ ಇಲ್ಲಿದೆ, ಈ ಹೆಂಗಸು ತಂದ ಸಹಿ ಖೋಟಾ ಎಂದರು. ಶಶಿಕಾಂತ ಅಂಗಡಿಗೆ ಬೀಗ ಜಡಿದು ಅವತ್ತಿನಿಂದ ನಾಪತ್ತೆ.

ಸಾಲದ್ದಕ್ಕೆ ಪೆನ್ಸಿಲ್ ಅಚ್ಚು ಬೇರೆ. ಹೆಸರು ವರ್ಗ ಮಾಡುವ ಮೊದಲು ಚೆಸ್ಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಸಾರಿಗೆ ಇನ್ಸ್‌ಪೆಕ್ಟರ್ ವೈಶಾಲಿ ಎರಡೂ ಗಾಡಿಗಳ ಅಚ್ಚು ತೆಗೆದಿದ್ದಳು. ಮಹಾಲಿಂಗಪ್ಪನವರ ಗಾಡಿಯದು ಒಂದೊಂದು ಅಂಕಿಯೂ ಎದ್ದು ಕಾಣುವಂತೆ ಬಂತು. ಅನಸವ್ವನದು ಬರೀ ಮಸಿ. ಕೊರೆದ ಗೀರುಗಳಲ್ಲಿ ಏನೋ ತುಂಬಿದ್ದಾರೆ, ಹಳೆಯ ನಂಬರು ಮುಚ್ಚಿ ಹೊಸದು ಕೊರೆದಿರಬೇಕು ಎಂದು ವೈಶಾಲಿ ಬರೆದಳು. ಆಕೆಯ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರು.

ಆ ಮಸಿಯೇ ಉಮಾಶ್ರೀಯ ನಿದ್ದೆ ಕೆಡಿಸಿತ್ತು. ಕಳ್ಳನಾದವನು ಚೆಂದಾಗಿ ಕೊರೆಯುತ್ತಾನೆ. ಅದು ಅವನ ಹೊಟ್ಟೆಪಾಡು. ಸಿಕ್ಕಿಬೀಳಲಿ ಎಂದು ಯಾವ ಕಳ್ಳನೂ ಮಸಿ ಬಳಿಯುವುದಿಲ್ಲ.

ಕೊನೆಗೂ ಅನಸವ್ವ ಕೈ ತೆಗೆದಳು. ಉಮಾಶ್ರೀ ಮೊಣಕಾಲೂರಿ ಕೂತು, ಹ್ಯಾಂಡಲ್ಲಿನ ಕೆಳಗೆ ಚೆಸ್ಸಿ ನಂಬರು ಕೊರೆದ ಜಾಗವನ್ನು ಉಗುರಿನಿಂದ ಕೆರೆದಳು. ಉಗುರಿಗೆ ಗಟ್ಟಿಯಾದದ್ದೇನೋ ಹತ್ತಿತು. ಬಿಸಿಲಿಗೆ ಹಿಡಿದು ನೋಡಿದಳು. ಮೇಲಿನ ಧೂಳಿನ ಅಡಿಯಲ್ಲಿ ಹಳದಿ.

“ಇದೇನ್ರಿ ಅಕ್ಕಾ?”

“ಭಂಡಾರರಿ. ಬೀರಪ್ಪಂದು.”

ಬೀರೇಶ್ವರನ ಗುಡಿಯ ಅರಿಶಿನಪುಡಿ. ಹಾಲುಮತದ ಕುರುಬರ ಮನೆಗಳಲ್ಲಿ ಅದಿಲ್ಲದೆ ಒಂದು ಕೆಲಸವೂ ಆಗುವುದಿಲ್ಲವೆಂದು ಉಮಾಶ್ರೀಗೆ ಗೊತ್ತಿತ್ತು. ಆದರೆ ಹಣೆಗೆ ಹಚ್ಚುವ ಭಂಡಾರ ಚೆಸ್ಸಿ ನಂಬರಿನೊಳಗೆ ಹೇಗೆ ಹೊಕ್ಕಿತೆಂದು ಕೇಳಿದಳು.

ಅನಸವ್ವ ಹೇಳಿದ್ದು ಇಷ್ಟು. ಹೊಸ ಟಗರು ಮನೆಗೆ ಬಂದರೆ ಮೊದಲು ಅದರ ಕೊರಳಿಗೆ ಭಂಡಾರ ಹಚ್ಚಬೇಕು. ಹಚ್ಚಿದ ಮೇಲೇ ಅದು ಈ ಮನೆಯದು. ಒಣ ಪುಡಿ ಗಾಳಿಗೆ ಹಾರುತ್ತದೆಂದು ಅವರ ಮನೆತನದಲ್ಲಿ ಕುಸುಬಿ ಎಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ತಿಕ್ಕುತ್ತಾರೆ. ಟಗರಿಗೆ ಮಾಡಿದ್ದನ್ನೇ ಗಾಡಿಗೂ ಮಾಡಿದಳು. ಗಾಡಿಯ ಕೊರಳು ಯಾವುದು? ಹ್ಯಾಂಡಲ್ಲಿನ ಬುಡ. ನಂಬರು ಕೊರೆದಿರುವುದೂ ಅಲ್ಲೇ.

ಕುಸುಬಿ ಎಣ್ಣೆ ಒಣಗಿದರೆ ಅಂಟಿನಂತೆ ಗಟ್ಟಿಯಾಗುತ್ತದೆ. ಪೆನ್ಸಿಲ್ಲಿಗೆ ಮಸಿಯಲ್ಲದೆ ಇನ್ನೇನು ಸಿಗಬೇಕು? ಅಷ್ಟು ದೊಡ್ಡ ಗುಮಾನಿಯ ಬೇರು ಒಂದು ಹೆಬ್ಬೆರಳಿನ ಭಕ್ತಿಯಲ್ಲಿತ್ತು. ಉಮಾಶ್ರೀಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಇದನ್ನ ಅವತ್ತ ಕಚೇರ್ಯಾಗ ಯಾಕ ಹೇಳಲಿಲ್ಲ?”

“ಹೆಂಗ ಹೇಳಲಿ ಮೇಡಮ್ಮಾರ? ದೇವರ ಭಂಡಾರದಿಂದ ತಪ್ಪಾತು ಅಂತ ನನ್ನ ಬಾಯಿಲೆ ನಾ ಅನ್ನಂಗಿಲ್ಲ. ಬೇಕಾರ ನನ್ನ ಒಳಗ ಹಾಕ್ರಿ.”

ಹವಾಲ್ದಾರ ದಶರಥ ಹಿಂದೆ ನಿಂತು ಕೆಮ್ಮಿದ. ಅವನೂ ಅದೇ ಜನ. ಆ ಉತ್ತರ ಅವನಿಗೆ ಹಿಡಿಸಿತೆಂದು ಆ ಕೆಮ್ಮೇ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಉಮಾಶ್ರೀಗೂ ಹಿಡಿಸಿತು.

ಫೋನು ಮಾಡಿದ್ದಕ್ಕೆ ವೈಶಾಲಿ ತನ್ನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಭಂಡಾರದ ವಿಷಯ ಕೇಳಿ, ತನ್ನ ಅತ್ತೆ ಹೊಸ ಮಿಕ್ಸರಿನ ಬ್ಲೇಡಿಗೂ ಕುಂಕುಮ ಹಚ್ಚಿಟ್ಟಿದ್ದರೆಂದು ಹೇಳಿದಳು. ಸೀಮೆಎಣ್ಣೆಯ ಬಟ್ಟೆಯನ್ನು ಅನಸವ್ವ ಅವಳ ಕೈಯಿಂದ ಇಸಕೊಂಡಳು. ಹಚ್ಚಿದವಳೇ ಒರೆಸಬೇಕಂತೆ. ಒರೆಸುವ ಮುಂಚೆ ಒಮ್ಮೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು.

ಈ ಸಲ ಅಚ್ಚು ಸ್ವಚ್ಛವಾಗಿ ಬಂತು. ಎಲ್ಲ ಅಂಕಿಗಳ ಆಳ ಒಂದೇ, ಅಂತರ ಒಂದೇ. ವೈಶಾಲಿ ಭೂತಗನ್ನಡಿ ಹಿಡಿದು ಎರಡೆರಡು ಸಲ ನೋಡಿ, ಇದರಲ್ಲಿ ತಿದ್ದಿದ ಗುರುತು ತನಗೆ ಕಾಣುತ್ತಿಲ್ಲ ಎಂದಳು.

ಅನಸವ್ವ ಬಟ್ಟೆ ಮಡಚಿ ಕೊಟ್ಟಳು. ಗೆದ್ದೆ ಅನ್ನುವ ಮುಖವೇನೂ ಮಾಡಲಿಲ್ಲ.

ಇನ್ನೂ ಗೆದ್ದಿರಲೂ ಇಲ್ಲ. ಆ ಕಡೆಯ ಗಾಡಿಯ ಅಂಕಿಗಳೂ ಅಷ್ಟೇ ಸ್ವಚ್ಛ. ಎರಡೂ ಸಾಚಾ ಎಂದು ಸಾಹೇಬರಿಗೆ ಬರೆದರೆ ಅವರು ಉಮಾಶ್ರೀಯನ್ನೇ ಗುಜರಿಗೆ ಹಾಕುತ್ತಾರೆ. ಅವಳು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು ಆ ಗಾಡಿಯ ಕೊರಳನ್ನು ನೋಡಿದಳು. ಅಲ್ಲಿ ಕಪ್ಪು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಉಳಿದ ಮೈಯೆಲ್ಲ ಬಿಸಿಲಿಗೆ ಮಂಕಾಗಿತ್ತು, ಕೊರಳೊಂದೇ ಮದುವೆಗೆ ಹೊರಟಂತಿತ್ತು. ಆ ಹೊಸ ಬಣ್ಣದ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಇಣುಕಿದಂತೆ ಕಂಡಿತು.

ಮಹಾಲಿಂಗಪ್ಪನವರನ್ನು ಕರೆಸಬೇಕೆಂದು ದಶರಥನಿಗೆ ಹೇಳಿದಳು. ಆ ಹೆಸರು ಹೇಳುವುದು ಅವಳಿಗೆ ಸಲೀಸಾಗಿರಲಿಲ್ಲ.

ಅದಕ್ಕೆ ಕಾರಣವಿತ್ತು. ಉಮಾಶ್ರೀಯ ಅಪ್ಪ ಬನಹಟ್ಟಿಯಿಂದ ದಿನಾ ರಬಕವಿಗೆ ಹೋಗಿ ಮಹಾಲಿಂಗಪ್ಪನವರ ಕಾರಖಾನೆಯಲ್ಲೇ ನೇಯ್ದವನು. ಅವ್ವ ದಾನಮ್ಮ ಅಲ್ಲೇ ನೂಲಿನ ಕಂಡಿಕೆ ಸುತ್ತಿದವಳು. ಮಗಳು ಪಿಎಸ್‌ಐ ಆದ ದಿನ ಮೊದಲ ಶಾಲು ಹೊದಿಸಿದವರು ಮಹಾಲಿಂಗಪ್ಪನವರೇ. ನಮ್ಮ ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗಿ ಎಂದು ವೇದಿಕೆಯ ಮೇಲೆ ಎದೆಯುಬ್ಬಿಸಿ ಹೇಳಿದ್ದರು. ಅವ್ವ ಆ ಶಾಲನ್ನು ಇವತ್ತಿಗೂ ಟ್ರಂಕಿನ ಮೇಲ್ಗಡೆ ಇಟ್ಟಿದ್ದಾಳೆ, ಬಂದವರಿಗೆಲ್ಲ ತೋರಿಸುತ್ತಾಳೆ.

ಊಟದ ಹೊತ್ತು ದಾಟಿದ ಮೇಲೆ ಅವರು ಕಾರಿನಲ್ಲಿ ಬಂದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ. ಅಂಗಳದಲ್ಲಿದ್ದವರು ತಮಗೆ ಗೊತ್ತಿಲ್ಲದಂತೆಯೇ ದಾರಿ ಬಿಟ್ಟರು. ಅನಸವ್ವ ಬಿಡಲಿಲ್ಲ, ಅವರೇ ಅವಳನ್ನು ಸುತ್ತಿ ಬರಬೇಕಾಯಿತು.

“ಏನವಾ ಉಮಾ, ಒಂದ ಗಾಡಿ ಸಲುವಾಗಿ ಎಷ್ಟ ಸಲ ಓಡಾಡಸ್ತಿ?” ಎಂದು ಕುರ್ಚಿಯಲ್ಲಿ ಕೂತರು. “ನಿಮ್ಮಪ್ಪ ಆರಾಮ ಅದಾನಿಲ್ಲೋ?”

“ಆರಾಮ ಅದಾರ, ಕಾಕಾ,” ಎಂದಳು ಉಮಾಶ್ರೀ.

ಆಮೇಲೆ ಮೆತ್ತಗೆ ಶುರು ಮಾಡಿದಳು. ಹಿರಿಯರು, ಸುಮ್ಮನೆ ತೊಂದರೆ ಕೊಡುತ್ತಿಲ್ಲ, ಮೇಲಿನವರಿಗೆ ಬರೆದು ಕಳಿಸಬೇಕು, ನಾಲ್ಕು ಮಾತು ಕೇಳುತ್ತೇನೆ ಎಂದಳು. ದಶರಥ ಬರೆದುಕೊಳ್ಳಲು ಕೂತ. ಗಾಡಿ ಕೊಂಡದ್ದು ಎಲ್ಲಿ ಎಂದು ಕೇಳಿದಳು. ಷೋರೂಮಿನಲ್ಲಿ, ಹೊಸದು, ಸೀಟಿನ ಪ್ಲಾಸ್ಟಿಕ್ಕನ್ನು ತಾವೇ ಹರಿದದ್ದು ಎಂದರು. ಬೇರೆ ಯಾರಾದರೂ ಹೊಡೆದದ್ದುಂಟೇ ಎಂದಳು. ಮಹಾಲಿಂಗಪ್ಪನವರಿಗೆ ಆ ಪ್ರಶ್ನೆಯೇ ಸೇರಲಿಲ್ಲ. ತಮ್ಮ ಊಟದ ತಾಟು, ತಮ್ಮ ಗಾಡಿ, ಇವಕ್ಕೆ ಇನ್ನೊಬ್ಬರ ಕೈ ಹತ್ತಿದ್ದಿಲ್ಲ ಎಂದರು. ರಿಪೇರಿಗೆ ಬಿಟ್ಟಾಗ? ಬಿಟ್ಟದ್ದೇ ಇಲ್ಲ, ಮಿಸ್ತ್ರಿ ಮನೆಗೆ ಬರುತ್ತಾನೆ, ತಾವು ಎದುರಿಗೇ ನಿಂತಿರುತ್ತೇವೆ. ಬಣ್ಣ ಗಿಣ್ಣ ಬಳಿಸಿದ್ದು? ಕಂಪನಿಯ ಬಣ್ಣವೇ, ಇನ್ನೂ ಹೊಳೆಯುತ್ತಿದೆ ನೋಡು ಎಂದರು.

ಒಂದೊಂದು ಉತ್ತರಕ್ಕೂ ಅವರ ಗದ್ದ ಸ್ವಲ್ಪ ಸ್ವಲ್ಪವೇ ಮೇಲೆ ಹೋಗುತ್ತಿತ್ತು. ಉಮಾಶ್ರೀ ಹೂಂಗುಟ್ಟುತ್ತ ಹೋದಳು. ಆ ಗತ್ತು ಅವಳಿಗೆ ಚೆನ್ನಾಗಿ ಗೊತ್ತು. ಕಾರಖಾನೆಯಲ್ಲಿ ಒಂದು ಎಳೆ ತಪ್ಪಿದರೂ ಸೀರೆಯನ್ನು ಪಕ್ಕಕ್ಕೆ ಎಸೆಯುವ ಮನುಷ್ಯ. ತನ್ನದರಲ್ಲಿ ಕುಂದಿದೆ ಎಂದು ಒಪ್ಪುವುದು ಅವರ ಜಾಯಮಾನದಲ್ಲೇ ಇಲ್ಲ. ಯಾರಿಗಾದರೂ ಒಮ್ಮೆ ಎರವಲು ಕೊಟ್ಟಿದ್ದೆ ಎಂದಿದ್ದರೆ ಪಾರಾಗುತ್ತಿದ್ದರೇನೋ. ಅದನ್ನು ಅನ್ನಲಿಕ್ಕೆ ಅವರ ಹೆಮ್ಮೆ ಬಿಡಲಿಲ್ಲ. ಇದ್ದ ಬಾಗಿಲುಗಳನ್ನೆಲ್ಲ ತಾವೇ ಹಾಕಿಕೊಳ್ಳುತ್ತ ಬಂದರು.

“ಪೂಜಿ ಯಾರ್ ಮಾಡ್ತಾರ, ಕಾಕಾ?”

“ನಾನs. ಖಂಡೇನವಮಿಗೆ ಮಗ್ಗಾ ಪೂಜಿ ಆದಮ್ಯಾಗ ಗಾಡಿ ಪೂಜಿ. ವಿಭೂತಿ, ಕುಂಕುಮ, ಒಂದ ಟೆಂಗು.”

“ಭಂಡಾರ?”

“ನಮ್ಮ ಮನ್ಯಾಗ ಭಂಡಾರ ನಡಿಯಂಗಿಲ್ಲವಾ. ಅದು ಅವರ ದೇವರದು.” ಅನಸವ್ವನ ಕಡೆಗೆ ಗದ್ದ ತೋರಿಸಿದರು. “ನಮ್ಮ ಗಾಡಿಗೆ ಅದರ ಗಾಳೀನೂ ತಾಕಿಲ್ಲ. ಹಂಗs ಬರಕೊ.”

ದಶರಥ ಬರೆದದ್ದನ್ನು ಓದಿ ಹೇಳಿದ. ಮಹಾಲಿಂಗಪ್ಪನವರು ಜೇಬಿನಿಂದ ತಮ್ಮ ಪೆನ್ನು ತೆಗೆದು ಠೀವಿಯಿಂದ ಸಹಿ ಹಾಕಿದರು.

ಉಮಾಶ್ರೀ ವೈಶಾಲಿಯ ಕಡೆ ನೋಡಿ ತಲೆಯಾಡಿಸಿದಳು. ವೈಶಾಲಿ ಹತ್ತಿಯ ಉಂಡೆಯನ್ನು ಥಿನ್ನರಿನಲ್ಲಿ ಅದ್ದಿ ಆ ಗಾಡಿಯ ಕೊರಳಿಗೆ ಇಟ್ಟಳು. ಹೊಳೆಯುವ ಕಪ್ಪು ಕರಗಿ ಹತ್ತಿಗೆ ಬಂತು. ಕಂಪನಿಯ ಬಣ್ಣ ಅಷ್ಟು ಸಲೀಸಾಗಿ ಬಿಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಂತೆ ಅಂದು, ಇನ್ನೊಂದು ಉಂಡೆ ತೆಗೆದುಕೊಂಡಳು. ಆಮೇಲೆ ಸೂಜಿಯಿಂದ ಒಂದೊಂದೇ ಅಂಕಿಯ ಗೀರು ಬಿಡಿಸುತ್ತ ಹೋದಳು.

ಮೊದಲ ಅಂಕಿಯ ತಳದಲ್ಲಿ ಹಳದಿ ಕಂಡಿತು. ಎರಡನೆಯದರಲ್ಲೂ ಹಳದಿ. ಸಾಲು ಮುಗಿಯುವವರೆಗೂ ಹಾಗೇ, ತೆಳ್ಳನೆಯ ಗಟ್ಟಿ ಹಳದಿ. ಮೇಲಿನದನ್ನು ಯಾರೋ ಕೆರೆದು ತೆಗೆದಿದ್ದರು, ತಳದ್ದು ಮಾತ್ರ ಉಳಿದಿತ್ತು.

ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಅರ್ಧಂಬರ್ಧ.

“ಮೇಡಮ್, ಇಲ್ಲಿ ನೋಡ್ರಿ,” ಎಂದಳು ವೈಶಾಲಿ. ಅವಳ ದನಿ ಇಳಿದಿತ್ತು.

ಅಲ್ಲೊಂದು ಎಂಟು ಇತ್ತು. ಅದರ ಬಲಗಡೆಯ ಡೊಂಕುಗಳಲ್ಲಿ ಹಳದಿ ಕೂತಿತ್ತು. ಎಡಗಡೆಯವು ಬೋಳು, ಹೊಳೆಯುವ ಉಕ್ಕು. ಪಕ್ಕದಲ್ಲಿ ಒಂದು ಆರು. ಅದರಲ್ಲೂ ಎಡಗಡೆ ಕೆಳಗಿನ ಗೀರು ಬೋಳು, ಉಳಿದದ್ದೆಲ್ಲ ಹಳದಿ. ಭಂಡಾರ ಹಚ್ಚಿದ ದಿನ ಆ ಗೀರುಗಳು ಇರಲೇ ಇಲ್ಲ. ಹಳದಿಯನ್ನಷ್ಟೇ ಓದಿದರೆ ಎಂಟು ಮೂರಾಗುತ್ತಿತ್ತು, ಆರು ಐದಾಗುತ್ತಿತ್ತು. ಯಾವನೋ ಜಾಣ ಅಂಕಿಗಳನ್ನು ಅಳಿಸದೆ, ನಾಜೂಕಾಗಿ ಒಂದೊಂದು ಗೀರು ಸೇರಿಸಿ ಬಣ್ಣ ಬಳಿದಿದ್ದ. ಹಳ್ಳಿಯ ಹೆಬ್ಬೆರಳೊಂದು ತನಗಿಂತ ಮೊದಲೇ ಅಲ್ಲಿ ರುಜು ಹಾಕಿ ಹೋಗಿದೆಯೆಂದು ಅವನಿಗೇನು ಗೊತ್ತು?

ಉಮಾಶ್ರೀಯ ಎದೆ ತುಂಬಿ ಬಂತು. ಈ ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಖುಷಿಯಾದ ದಿನ ಅವಳಿಗೆ ನೆನಪಿರಲಿಲ್ಲ. ಆದರೆ ಮುಖ ಬದಲಿಸದೆ ಕುರ್ಚಿಯ ಕಡೆ ತಿರುಗಿದಳು.

“ನಿಮ್ಮ ಗಾಡಿಗೆ ಭಂಡಾರದ ಗಾಳೀನೂ ತಾಕಿಲ್ಲ ಅಂದ್ರಿ, ಮಹಾಲಿಂಗಪ್ಪನವರ. ಇದು ಯಾರ ಗಾಡಿರಿ?”

ಕಾಕಾ ಹೋಗಿ ಮಹಾಲಿಂಗಪ್ಪನವರಾದದ್ದು ಅವರಿಗೆ ತಟ್ಟಿತು. ಎದ್ದು ಬಂದು ನೋಡಿದರು. ನೋಡಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಶಶಿಕಾಂತನ ಹೆಸರು ಬಂತು. ಅವನೇ ಏನೋ ಮಾಡಿರಬೇಕು, ತಮಗೇನೂ ತಿಳಿಯದು, ಗಾಡಿ ಒಮ್ಮೆ ಅವನ ಅಂಗಡಿಯಲ್ಲಿ ಇತ್ತು ಎಂದರು. ಯಾರ ಕೈಗೂ ಕೊಟ್ಟಿಲ್ಲ ಎಂದು ಈಗಷ್ಟೇ ಸಹಿ ಹಾಕಿದ್ದೀರಿ ಎಂದು ದಶರಥ ವಿನಯದಿಂದ ನೆನಪಿಸಿದ. ಸರಳವಾಗಿ ಹೇಳಬೇಕೆಂದರೆ ಆದದ್ದು ಇಷ್ಟು: ತಮ್ಮ ಸಾಚಾ ಗಾಡಿಯನ್ನು ಅನಸವ್ವನಿಗೆ ಮಾರಿದರು, ಅದರ ನಂಬರನ್ನು ಮಾತ್ರ ಕಾಗದಪತ್ರವಿಲ್ಲದೆ ಮನೆಯಲ್ಲಿದ್ದ ಈ ಗಾಡಿಗೆ ಹೊದಿಸಿದರು. ಎಲ್ಲರ ಹಾಗೆ ಈ ಹೆಂಗಸೂ ಹೆಸರು ಬದಲಾಯಿಸದೆ ಓಡಿಸಿಕೊಂಡಿರುತ್ತಾಳೆ ಎಂದುಕೊಂಡಿದ್ದರು. ಲೆಕ್ಕ ತಪ್ಪಿದ್ದು ಅಲ್ಲೇ.

ಅವರು ಧೋತರದ ಚುಂಗು ಸರಿ ಮಾಡಿಕೊಂಡು ಉಮಾಶ್ರೀಯ ಹತ್ತಿರ ಬಂದರು. ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದರು.

“ಇಷ್ಟಕ್ಕ ಬಿಡವಾ. ನಿಮ್ಮಪ್ಪ ನನ್ನ ಉಪ್ಪು ಉಂಡಾವ.”

ಆ ಮಾತು ಬಂದೇ ಬರುತ್ತದೆಂದು ಉಮಾಶ್ರೀಗೆ ಬೆಳಗಿನಿಂದ ಗೊತ್ತಿತ್ತು. ಗೊತ್ತಿದ್ದರೂ ಅದು ಚುಚ್ಚಿತು. ಅಪ್ಪನ ಬಗ್ಗಿದ ಬೆನ್ನು, ಅವ್ವನ ಬೆರಳಿನ ಗಂಟುಗಳು ಒಮ್ಮೆ ಕಣ್ಣ ಮುಂದೆ ಬಂದವು. ಅವಳು ದನಿ ತಗ್ಗಿಸಲಿಲ್ಲ. ಅಂಗಳಕ್ಕೆಲ್ಲ ಕೇಳಲಿ ಎಂದೇ ಹೇಳಿದಳು.

“ನಮ್ಮಪ್ಪ ನೇದು ಉಂಡಾನ್ರಿ. ಮಗ್ಗ ನಿಮ್ಮದಿತ್ತು, ಕೈ ಅವಂದು.”

ಮಹಾಲಿಂಗಪ್ಪನವರು ತಮ್ಮ ಕಾರಿನ ಕಡೆ ಹೊರಳಿದರು. ಅವರನ್ನು ಒಳಗೆ ಕೂರಿಸಲು ದಶರಥನಿಗೆ ಹೇಳಿ, ಉಮಾಶ್ರೀ ಅನಸವ್ವನ ಮುಂದೆ ಬಂದು ನಿಂತಳು. ಪಂಚನಾಮೆಗೆಂದು ಕರೆಸಿದ್ದ ಪಂಚರು, ಕಾಂಪೌಂಡಿನ ಆಚೆ ಇಣುಕುತ್ತಿದ್ದ ಸಾವಳಗಿಯ ಮಂದಿ, ಎಲ್ಲರೂ ಕಿವಿ ನಿಮಿರಿಸಿದರು. ಗಾಡಿ ಈಕೆಯದೇ, ಕೊಂಡದ್ದು ಖರೆ, ಬೆಳಗಿನಿಂದ ಈ ಅಂಗಳದಲ್ಲಿ ಒಂದೂ ಸುಳ್ಳು ಹೇಳದವಳು ಈಕೆಯೊಬ್ಬಳೇ ಎಂದು ಸಾರಿದಳು. ಕಾನೂನಿನ ಕೆಲಸ ಮುಗಿದ ಕೂಡಲೇ ಕಾರ್ಡಿನ ಮೇಲೆ ಹೆಸರು ಬರುತ್ತದೆ, ತಾನೇ ಮುಂದೆ ನಿಂತು ನೋಡುತ್ತೇನೆ ಎಂದು ವೈಶಾಲಿ ಸೇರಿಸಿದಳು.

ಅನಸವ್ವ ಆಗ ಕೂತಳು. ತನ್ನ ಗಾಡಿಯ ಸೀಟಿನ ಮೇಲೆಯೇ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಕಾರ್ಡಿನ ಮೇಲೆ ಗಂಡನ ಹೆಸರು ಬರುವುದೋ ತನ್ನದೋ ಎಂದು ಕೇಳಿದಳು. ನಿಮ್ಮದೇ ಎಂದಳು ವೈಶಾಲಿ. ಹಂಗಾರ ಒಂದು ಕಪ್ ಚಹಾ ಕೊಡ್ರಿ ಎಂದಳು ಅನಸವ್ವ. ಕಾಂಪೌಂಡಿನ ಆಚೆ ನಗು ಎದ್ದಿತು.

ಉಮಾಶ್ರೀಯೂ ನಕ್ಕಳು. ಇವತ್ತು ಅವ್ವನಿಗೆ ಫೋನು ಮಾಡಬೇಕು, ಆ ಶಾಲನ್ನು ಟ್ರಂಕಿನ ತಳಕ್ಕೆ ಹಾಕು ಎಂದು ಹೇಳಬೇಕು ಎಂದುಕೊಂಡಳು.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಆ ಗಾಡಿ ಯಾರದು? ವೈಶಾಲಿ ಹಳದಿ ಅಂಕಿಗಳನ್ನು ಕೂಡಿಸಿ ಹಳೆಯ ಸಂಖ್ಯೆಯನ್ನು ಫೋನಿನಲ್ಲಿ ತನ್ನ ಕಚೇರಿಗೆ ಓದಿ ಹೇಳಿದಳು. ಆ ಕಡೆಯವರು ಕಂಪ್ಯೂಟರಿನಲ್ಲಿ ಹುಡುಕುವವರೆಗೆ ಫೋನನ್ನು ಕಿವಿಗೆ ಹಿಡಿದು ನಿಂತಳು. ಆಮೇಲೆ ಹೇಳಿದಳು.

“ಮಾಲೀಕ ಯಲ್ಲಾಲಿಂಗ ಅಂತ ಐತ್ರಿ. ಊರು ಸಾವಳಗಿ.”

ಒಳಗಿನಿಂದ ಬರುತ್ತಿದ್ದ ದಶರಥ ಬಾಗಿಲಲ್ಲೇ ನಿಂತ.

ಆ ಹೆಸರು ಅವನಿಗೆ ಗೊತ್ತಿತ್ತು. ಹೋದ ಮಳೆಗಾಲ ಕೃಷ್ಣೆ ತುಂಬಿ ಹರಿದಾಗ ಚಿಕ್ಕಪಡಸಲಗಿ ಬ್ಯಾರೇಜಿನ ಮೇಲಿಂದ, ಸಾಲಗಾರರ ಕಾಟಕ್ಕೆ ಸಿಕ್ಕಿದ್ದ ಯಲ್ಲಾಲಿಂಗನೆಂಬ ಹುಡುಗ ಗಾಡಿ ಸಮೇತ ನೀರುಪಾಲಾಗಿದ್ದ. ಬೀಳಗಿಯ ಹಿನ್ನೀರಿನವರೆಗೂ ದೋಣಿ ಬಿಟ್ಟು ಹುಡುಕಿದ್ದರು. ದೋಣಿಯಲ್ಲಿ ದಶರಥನೂ ಇದ್ದ. ಹೆಣ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ. ಆದರೆ ಕಣ್ಣಾರೆ ಕಂಡ ಸಾಕ್ಷಿ ಒಂದಿತ್ತು. ಉಮಾಶ್ರೀ ಈ ಠಾಣೆಗೆ ಬರುವ ಮೊದಲೇ ಅದರ ಮೇಲೆ ಪ್ರಕರಣ ಮುಗಿದಿತ್ತು. ಸಾಕ್ಷಿ ಹೇಳಿದವಳು ಹುಡುಗನ ಸ್ವಂತ ಅಕ್ಕ ಎಂದಷ್ಟೇ ದಶರಥ ಕೇಳಿದ್ದ, ಆಕೆಯನ್ನು ನೋಡಿರಲಿಲ್ಲ.

ಇದನ್ನೆಲ್ಲ ಅವನು ಉಮಾಶ್ರೀಗೆ ಹೇಳಿ ಮುಗಿಸಿದ. ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು, ಕಣ್ಣು ಚಹಾ ಕುಡಿಯುತ್ತಿದ್ದ ಹೆಂಗಸಿನ ಕಡೆ ಹೋಯಿತು.

ಅನಸವ್ವ ಕಪ್ಪು ಕೆಳಗಿಟ್ಟಳು. ಎದ್ದು ನಿಂತಳು.

ಉಮಾಶ್ರೀ ಎರಡೂ ಗಾಡಿಗಳನ್ನು ಮತ್ತೊಮ್ಮೆ ನೋಡಿದಳು. ನೀರಿಗೆ ಬಿದ್ದ ಗಾಡಿ ಒಂದು ಚೂರು ತುಕ್ಕಿಲ್ಲದೆ ಎದುರಿಗೆ ನಿಂತಿದೆ. ಮುಧೋಳದ ಪೇಟೆಯಲ್ಲಿ ಅಷ್ಟೊಂದು ಗಾಡಿಗಳಿರುವಾಗ ಈಕೆ ಮಹಾಲಿಂಗಪ್ಪನವರ ಗಾಡಿಯನ್ನೇ ಯಾಕೆ ಕೊಂಡಳು? ಹೆಸರು ಬದಲಾಯಿಸಬೇಕೆಂಬ ಆ ಹಟ ಬರೀ ಹೆಸರಿನ ಹಟವೇ? ಸುಳ್ಳು ಹೇಳದವಳು ಈಕೆಯೊಬ್ಬಳೇ ಎಂದು ಊರ ಮುಂದೆ ಸಾರಿದ ಮಾತು ಇನ್ನೂ ಅವಳ ಬಾಯಲ್ಲಿ ಬಿಸಿಯಾಗಿತ್ತು.

“ಅಕ್ಕಾ,” ಎಂದಳು ಕೊನೆಗೆ, “ನಿಮ್ಮ ತಮ್ಮ ಗಾಡಿ ಸಮೇತ ನೀರಿಗೆ ಬಿದ್ದಿದ್ದನ್ನ ಕಣ್ಣಾರೆ ನೋಡೇನಿ ಅಂತ ಬರದಕೊಟ್ಟಾಕಿ ನೀವೇನು?”

“ನಾನರಿ.”

“ಗಾಡಿ ಇಲ್ಲೈತಿ. ತಮ್ಮ ಎಲ್ಲಿ ಅದಾನ?”

ಅನಸವ್ವ ತಲೆ ತಗ್ಗಿಸಲಿಲ್ಲ. ಆ ಇನ್ನೊಂದು ಗಾಡಿಯ ಹತ್ತಿರ ಹೋಗಿ, ಅದರ ಕೊರಳಿನ ಮೇಲೆ ಅಂಗೈ ಇಟ್ಟು ಆ ಹಳದಿಯನ್ನು ಮುಚ್ಚಿದಳು.

“ಸತ್ತಾನಂತ ನೀವs ಬರಕೊಂಡೀರಿ ಮೇಡಮ್ಮಾರ,” ಎಂದಳು. “ಅವ ಎಲ್ಲ್ಯರ ಬದಕಲಿ. ಅವನ್ನ ಹಂಗs ಇರಾಕ ಬಿಡ್ರಿ.”